ಕಾರಿನ ಬಾಯಿ ಮುಚ್ಚಿಸುವ ಮೊದಲು

ಮೇ ತಿಂಗಳ ರಜೆ ಬಂತೆಂದರೆ, ಚೌತಿ ಹತ್ತಿರವಾಯಿತೆಂದರೆ ಮುಂಬಯಿಯ ನಮ್ಮ ಅನೇಕ ಕುಟುಂಬಗಳು ಕಾರಿನಲ್ಲೇ ಊರಿಗೆ ಹೊರಡುತ್ತವೆ. ಪನ್ವೇಲ್‌ನಲ್ಲಿ ರಾಷ್ಟ್ರೀಯ ಹೆದ್ದಾರಿ 66 ಹಿಡಿದರೆ ಉಡುಪಿ, ಮಂಗಳೂರಿನವರೆಗೂ ಅದೇ ದಾರಿ. ಹೊರಡುವ ಮುನ್ನ ಚಕ್ರದ ಗಾಳಿ, ಎಣ್ಣೆ, ಬ್ರೇಕ್ ಎಲ್ಲವನ್ನೂ ನೋಡಿಸುತ್ತೇವೆ. ಆದರೆ ಬೆಲ್ಟ್ ಹಾಕಿದರೂ ಆರದ ಕೆಂಪು ದೀಪವನ್ನು, ನಿಲ್ಲದ ‘ಬೀಪ್ ಬೀಪ್’ ಸದ್ದನ್ನು ಮಾತ್ರ ಕಡೆಗಣಿಸುತ್ತೇವೆ. ಕೆಲವರಂತೂ ಬಕಲ್‌ಗೆ ಒಂದು ಸುಳ್ಳು ಕ್ಲಿಪ್ ಸಿಕ್ಕಿಸಿ ಕಾರಿನ ಬಾಯನ್ನೇ ಮುಚ್ಚಿಸಿಬಿಡುತ್ತಾರೆ. ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಂಡಂತೆ!

ಇದು ಸಣ್ಣ ವಿಷಯವಲ್ಲ. 2022ರ ಸೆಪ್ಟೆಂಬರ್ 4ರಂದು ಅಹಮದಾಬಾದ್ ಕಡೆಯಿಂದ ಮುಂಬಯಿಗೆ ಬರುತ್ತಿದ್ದ ಕಾರು ಪಾಲ್ಘರ್ ಜಿಲ್ಲೆಯ ಸೂರ್ಯಾ ನದಿಯ ಸೇತುವೆಯ ಬಳಿ ಅಪಘಾತಕ್ಕೀಡಾಯಿತು. ಹಿಂದಿನ ಸೀಟಿನಲ್ಲಿದ್ದ ಉದ್ಯಮಿ ಸೈರಸ್ ಮಿಸ್ತ್ರಿ ಮತ್ತು ಅವರ ಜೊತೆಗಿದ್ದವರು ತೀರಿಕೊಂಡರು. ಅವರಿಬ್ಬರೂ ಬೆಲ್ಟ್ ಹಾಕಿರಲಿಲ್ಲವೆಂದು ಪೊಲೀಸರು ತಿಳಿಸಿದರು. ಬಳಿಕ ಹಿಂದೆ ಕುಳಿತವರಿಗೂ ಬೆಲ್ಟ್ ಕಡ್ಡಾಯವೆಂದು ಮುಂಬಯಿ ಟ್ರಾಫಿಕ್ ಪೊಲೀಸರು ಅದೇ ವರ್ಷದ ನವೆಂಬರ್ 1ರಿಂದ ಅನ್ವಯವಾಗುವಂತೆ ಆದೇಶ ಹೊರಡಿಸಿದರು. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಐದು ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಈ ಸುಳ್ಳು ಕ್ಲಿಪ್ಪುಗಳ ಮಾರಾಟ ನಿಲ್ಲಿಸಲು ಆದೇಶಿಸಿತು. ಆಗ ತೆಗೆದುಹಾಕಲಾದ ಜಾಹೀರಾತುಗಳೇ 13,118!

ಹಾಗಾದರೆ ದೀಪ ಆರದಿದ್ದಾಗ ಏನು ಮಾಡಬೇಕು? ಮೊದಲು ಅದರ ಕೆಲಸವನ್ನು ತಿಳಿದುಕೊಳ್ಳೋಣ. ಬಕಲ್‌ನೊಳಗೆ ಒಂದು ಪುಟ್ಟ ಸ್ವಿಚ್ಚು ಇರುತ್ತದೆ. ಬೆಲ್ಟಿನ ನಾಲಗೆ ಒಳಹೋದೊಡನೆ ಅದು ಕಾರಿನ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ. ಚಾಲಕನ ಪಕ್ಕದ ಸೀಟಿನಡಿಯಲ್ಲಿ ಭಾರವನ್ನು ಗುರುತಿಸುವ ತೆಳ್ಳನೆಯ ಹಾಳೆಯಂಥ ಸೆನ್ಸರ್ ಬೇರೆ ಇರುತ್ತದೆ. 2019ರ ಜುಲೈ 1ರಿಂದ ತಯಾರಾಗುವ ಕಾರುಗಳಲ್ಲಿ ಮುಂದಿನ ಎರಡೂ ಸೀಟುಗಳಿಗೆ ಈ ಎಚ್ಚರಿಕೆ ಕಡ್ಡಾಯವಾಗಿದೆ.

ಇನ್ನು ಪರೀಕ್ಷೆ. ಸುಲಭವಾದುದರಿಂದ ಆರಂಭಿಸಿ. ಖಾಲಿ ಸೀಟು ಕೂಗುತ್ತಿದೆಯೇ? ಅದರ ಮೇಲಿಟ್ಟ ತೆಂಗಿನಕಾಯಿ ಚೀಲವನ್ನೋ ಲ್ಯಾಪ್‌ಟಾಪ್ ಬ್ಯಾಗನ್ನೋ ತೆಗೆದು ನೋಡಿ. ಸದ್ದು ನಿಂತರೆ ಕಾರಿನದು ತಪ್ಪಲ್ಲ, ಅದು ಚೀಲವನ್ನು ಮನುಷ್ಯನೆಂದು ತಿಳಿದಿತ್ತು, ಅಷ್ಟೆ. ಚಾಲಕನ ದೀಪವೇ ಆರದಿದ್ದರೆ ಬಕಲ್‌ಗೆ ಟಾರ್ಚ್ ಹಿಡಿದು ನೋಡಿ. ಬಿಸ್ಕತ್ತಿನ ಪುಡಿ, ನಾಣ್ಯ ಸಿಕ್ಕಿಕೊಂಡಿದ್ದರೆ ನಾಲಗೆ ಪೂರ್ತಿ ಒಳಗೆ ಹೋಗುವುದಿಲ್ಲ. ಮೂರನೆಯದು, ಕಾರು ನಿಂತಿರುವಾಗ ಬೆಲ್ಟ್ ಹಾಕಿಕೊಂಡು, ಕೀಲಿ ತಿರುಗಿಸಿ, ಸೀಟನ್ನು ಹಿಂದಕ್ಕೂ ಮುಂದಕ್ಕೂ ಸರಿಸಿ. ದೀಪ ಆರಿ ಹೊತ್ತಿಕೊಂಡರೆ ಸೀಟಿನಡಿಯ ವಯರು ಸವೆದಿರಬೇಕು, ಇಲ್ಲವೆ ಕನೆಕ್ಟರ್ ಸಡಿಲವಾಗಿರಬೇಕು.

ನಮ್ಮ ಮುಂಬಯಿಯಲ್ಲಿ ಇನ್ನೊಂದು ಶತ್ರುವೂ ಉಂಟು. ಹಿಂದ್‌ಮಾತಾದ ಇಲ್ಲವೆ ಅಂಧೇರಿ ಸಬ್‌ವೇಯ ಮಳೆನೀರಿನಲ್ಲಿ ಸಿಲುಕಿದ ಕಾರಿನ ಕಾರ್ಪೆಟ್ಟು ಮೇಲೆ ಒಣಗಿದಂತೆ ಕಂಡರೂ ಅಡಿಯಲ್ಲಿ ತೇವ ಉಳಿದಿರುತ್ತದೆ. ಆ ತೇವದಲ್ಲಿ ಕನೆಕ್ಟರಿನ ಪಿನ್ನುಗಳು ಹಸಿರುಗಟ್ಟುತ್ತವೆ. ಮಳೆಗಾಲ ಕಳೆದು ಎಷ್ಟೋ ದಿನಗಳ ನಂತರ ದೋಷ ತಲೆಯೆತ್ತುವುದು ಇದರಿಂದಲೇ. ಆದ್ದರಿಂದ ಕಾರು ನೀರಿನಲ್ಲಿ ನಿಂತಿತ್ತೇ ಎಂಬುದನ್ನು ಗ್ಯಾರೇಜಿನವರಿಗೆ ತಪ್ಪದೆ ಹೇಳಿ.

ಇಲ್ಲಿಂದಾಚೆಗಿನದು ಆಟೋ ಇಲೆಕ್ಟ್ರಿಷಿಯನ್‌ನ ಕೆಲಸ. ಸೀಟಿನಡಿಯ ಹಳದಿ ಕನೆಕ್ಟರುಗಳನ್ನು ದಯವಿಟ್ಟು ಮುಟ್ಟಬೇಡಿ. ಅವು ಏರ್‌ಬ್ಯಾಗ್ ಹಾಗೂ ಬೆಲ್ಟನ್ನು ಕ್ಷಣದಲ್ಲಿ ಬಿಗಿಗೊಳಿಸುವ ಸ್ಫೋಟಕಕ್ಕೆ ಸೇರಿದವು. ಮಲ್ಟಿಮೀಟರಿನ ಅಲ್ಪ ವಿದ್ಯುತ್ತೂ ಅಪಾಯ ತಂದೀತು. ಬ್ಯಾಟರಿ ಬಿಚ್ಚಿ, ಕಾರಿನ ಕೈಪಿಡಿ ಹೇಳಿದಷ್ಟು ಹೊತ್ತು ಕಾದ ನಂತರವೇ ತಿಳಿದವರು ಕೈಹಾಕಬೇಕು. ಏರ್‌ಬ್ಯಾಗಿನ ದೀಪವೂ ಹೊತ್ತಿದ್ದರೆ ತಡಮಾಡಬೇಡಿ. ಆಪತ್ತಿನಲ್ಲಿ ಅದು ತೆರೆದುಕೊಳ್ಳದೆ ಹೋಗಬಹುದು.

ಒಂದು ಕಿವಿಮಾತು. ಮೆಕ್ಯಾನಿಕ್ ಸ್ಕ್ಯಾನರ್ ಹಚ್ಚಿ, ‘ಸೆನ್ಸರ್ ಹೋಗಿದೆ, ಬದಲಿಸಬೇಕು’ ಎಂದೊಡನೆ ಹಣ ಎಣಿಸಬೇಡಿ. ಸ್ಕ್ಯಾನರು ದೋಷ ಯಾವ ದಾರಿಯಲ್ಲಿದೆ ಎಂದಷ್ಟೇ ಹೇಳುತ್ತದೆ. ಆ ದಾರಿಯಲ್ಲಿ ಸ್ವಿಚ್ಚು, ವಯರು, ಕನೆಕ್ಟರು ಮೂರೂ ಇವೆ. ಮೂರನ್ನೂ ನೋಡಿದಿರಾ ಎಂದು ವಿನಯದಿಂದಲೇ ಕೇಳಿ. ಪಿನ್ನು ಶುಚಿಗೊಳಿಸಿದರೆ ಸಾಲುವಲ್ಲಿ ದುಬಾರಿ ಸೆನ್ಸರ್ ಏಕೆ?

ಬೆಲ್ಟ್ ಹಾಕದಿದ್ದರೆ 1,000 ರೂಪಾಯಿ ದಂಡವಿದೆ, ನಿಜ. ಆದರೆ ದಂಡ ಕಟ್ಟಿದವರು ಮನೆಗೆ ಬಂದಾರು. ಮುಂದಿನ ಬಾರಿ ಊರಿಗೆ ಹೊರಡುವ ಮುನ್ನ ಸೀಟ್ ಕವರಿನಡಿ ಹೂತುಹೋಗಿರುವ ಹಿಂದಿನ ಬಕಲ್‌ಗಳನ್ನೂ ಹೊರತೆಗೆಯಿರಿ. ಅಜ್ಜಿಯಿಂದ ಮೊಮ್ಮಗುವಿನವರೆಗೆ ಒಬ್ಬೊಬ್ಬರ ಬೆಲ್ಟನ್ನೂ ‘ಟಿಕ್’ ಎನ್ನುವಂತೆ ಹಾಕಿ ನೋಡಿ. ನಿಮ್ಮ ಪ್ರಯಾಣ ಸುಖಕರವಾಗಲಿ.