ಕಂತಿಗೆ ಆಷಾಢವಿಲ್ಲ

ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನ ಟಾಟಾ ಏಸ್ ಡ್ರೈವರ್‌ಗಳಿಗೆ ಪುರುಸೊತ್ತಿರುವುದಿಲ್ಲ. ಶಾಲೆಗೆ ರಜೆ, ಮನೆ ಬದಲಾಯಿಸುವವರ ಕಾಲ. ಛತ್ರಕ್ಕೆ ಪಾತ್ರೆ, ಗೃಹಪ್ರವೇಶದ ಮನೆಗೆ ಹೊಸ ಮಂಚ, ಬೀರು. ಆಷಾಢ ಕಾಲಿಟ್ಟಿತೋ, ಅದೇ ಗಾಡಿಗಳು ಸರ್ಕಲ್ಲಿನ ಮರದಡಿ ಸಾಲುಗಟ್ಟಿ ನಿಲ್ಲುತ್ತವೆ. ಕೇಳಿದರೆ ಸಿಗುವ ಉತ್ತರ ಒಂದೇ: ‘ಸೀಸನ್ ಇಲ್ಲ ಸಾರ್, ಡಲ್ಲು.’

ಸರಕು ಸಾಗಿಸುವವರ ಈ ಏರಿಳಿತ ಒಂದೇ ಸಲಕ್ಕೆ ಹುಟ್ಟಿದ್ದಲ್ಲ. ಬೆಳೆ, ಮಳೆ, ಗಣಿ, ಸೇಲು ಹೀಗೆ ಒಂದರ ಮೇಲೊಂದು ಸೇರಿಕೊಂಡು ಆದದ್ದು.

ಮೊದಲಿನದು ಬೆಳೆ. ಚಿತ್ರದುರ್ಗ, ಗದಗದ ಮುಂಗಾರು ಈರುಳ್ಳಿ ದಸರಾ ಆಸುಪಾಸಿನಲ್ಲಿ ಯಶವಂತಪುರದ ಮಾರುಕಟ್ಟೆಗೆ ನುಗ್ಗುತ್ತದೆ. ಅದು ಇಳಿಯುವ ಹೊತ್ತಿಗೆ ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬು ನುರಿಸುವ ಹಂಗಾಮು. ಹೊಸ ವರ್ಷ ಬಂದರೆ ಬ್ಯಾಡಗಿ ಮೆಣಸಿನಕಾಯಿ. ಈ ಸರಕಿನದ್ದು ವಿಚಿತ್ರ ಲೆಕ್ಕ. ಚೀಲಕ್ಕೆ ತೂಕ ಕಡಿಮೆ, ಗಾತ್ರ ಜಾಸ್ತಿ. ಲಾರಿ ಟನ್ನಿನ ಮಿತಿ ಮುಟ್ಟುವ ಮೊದಲೇ ಎತ್ತರದ ಮಿತಿ ಮುಟ್ಟುತ್ತದೆ. ಮೂಗಿಗೆ ಟವೆಲ್ ಸುತ್ತಿಕೊಂಡ ಹಮಾಲರು ಚೀಲ ಒಟ್ಟುತ್ತ ಹೋದಂತೆ ಡ್ರೈವರ್ ಕೆಳಗೆ ನಿಂತು ಲೋಡು ಯಾವ ಕಡೆ ವಾಲುತ್ತಿದೆ ಎಂದು ನೋಡುತ್ತಾನೆ. ಆಮೇಲೆ ಟಾರ್ಪಾಲು, ಹಗ್ಗ, ಒಂದಿಷ್ಟು ಸೀನು. ಬ್ಯಾಡಗಿ ಊರಿನ ಸುತ್ತ ಕೋಲ್ಡ್ ಸ್ಟೋರೇಜ್‌ಗಳು ಎದ್ದ ಮೇಲೆ ವ್ಯಾಪಾರಿಗಳು ಮಾಲು ಇಟ್ಟುಕೊಂಡು ಬೇಡಿಕೆ ನೋಡಿ ಕಳಿಸತೊಡಗಿದರು. ಹಾಗಾಗಿ ಸುಗ್ಗಿ ಮುಗಿದ ಮೇಲೂ ಅಷ್ಟೋ ಇಷ್ಟೋ ಲೋಡು ಸಿಗುತ್ತದೆ.

ಎರಡನೆಯದು ಮಳೆ. ಬೆಂಗಳೂರಿಗೂ ಮಂಗಳೂರು ಬಂದರಿಗೂ ನಡುವೆ ಶಿರಾಡಿ ಘಾಟಿ ಇದೆ. ಗುಡ್ಡ ಜರಿದರೆ ಭಾರಿ ವಾಹನ ಬಂದ್. ಸಕಲೇಶಪುರದಲ್ಲಿ ನಿಂತ ಲಾರಿಗೆ ಬಾಡಿಗೆ ಏರುವುದಿಲ್ಲ, ಡ್ರೈವರ್ ಊಟದ ಖರ್ಚು ಮಾತ್ರ ಏರುತ್ತದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಮರದ ದಿಮ್ಮಿ ಹೊತ್ತಿದ್ದ ಲಾರಿಯೊಂದು ಚಾಲಕನ ಸಮೇತ ಗಂಗಾವಳಿ ನದಿ ಸೇರಿತು. ಅದು ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ. ಪ್ರತಿ ಮಳೆಗಾಲದಲ್ಲೂ, ಜೂನ್ 1ರಿಂದ ಜುಲೈ 31ರವರೆಗೆ 61 ದಿನ, ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧ. ಬೋಟು ದಡಕ್ಕೆ ಬಂದರೆ ಮಲ್ಪೆ, ಮಂಗಳೂರಿನ ಮೀನು ಲಾರಿಗೂ ಕೆಲಸವಿಲ್ಲ.

ಈ ಪಂಚಾಂಗವನ್ನು ಒಮ್ಮೆ ಮೂಲೆಗೆ ಸರಿಸಿದ್ದು ಬಳ್ಳಾರಿಯ ಅದಿರು. ಚೀನಾದ ಬೇಡಿಕೆ ಏರಿದಾಗ ಹೊಸಪೇಟೆ, ಸಂಡೂರಿನ ರಸ್ತೆಗಳಲ್ಲಿ ಹಗಲು ರಾತ್ರಿ ಲಾರಿ. ಸಾಲ ಮಾಡಿ ಗಾಡಿ ಕೊಂಡವರಿಗೆ ಕಂತು ಕಟ್ಟುವುದು ಕಷ್ಟವೆನಿಸಲಿಲ್ಲ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು; ಮರು ತಿಂಗಳು ಚಿತ್ರದುರ್ಗ, ತುಮಕೂರಿಗೂ ಅದೇ ಆದೇಶ. ಅಕ್ರಮ ಗಣಿಗಾರಿಕೆಗೆ ಬೀಗ ಬೀಳಬೇಕಿತ್ತು, ಬಿತ್ತು. ಆದರೆ ಆಷಾಢ ಮುಗಿದರೆ ಶ್ರಾವಣ ಬರುತ್ತದೆ ಎಂದು ಕಾಯಬಹುದು. ಗಣಿಯ ಈ ತಡೆ ಯಾವಾಗ ಮುಗಿಯುತ್ತದೆ ಎಂದು ಹೇಳುವವರಿರಲಿಲ್ಲ.

ನಂತರ ಬಂದದ್ದು ಆನ್‌ಲೈನ್ ಸೇಲು. 2014ರ ಅಕ್ಟೋಬರ್ 6ರಂದು ಬೆಂಗಳೂರಿನ ಫ್ಲಿಪ್‌ಕಾರ್ಟ್ ಮೊದಲ ‘ಬಿಗ್ ಬಿಲಿಯನ್ ಡೇ’ ನಡೆಸಿತು. ಒಂದು ದಿನದ ಆ ಮಾರಾಟ ಮರುವರ್ಷವೇ ಹಲವು ದಿನಗಳ ಜಾತ್ರೆಯಾಯಿತು. 2017ರ ಜುಲೈ 1ರಿಂದ ಜಿಎಸ್‌ಟಿ ಬಂದು ರಾಜ್ಯಗಳ ಗಡಿಯ ತೆರಿಗೆ ಚೆಕ್‌ಪೋಸ್ಟ್‌ಗಳು ಹೋದವು. ಕೇಂದ್ರ ಮಾರಾಟ ತೆರಿಗೆ ಉಳಿಸಲೆಂದು ರಾಜ್ಯಕ್ಕೊಂದು ಗೋದಾಮು ಇಡುತ್ತಿದ್ದ ಕಂಪನಿಗಳಿಗೆ ಆ ಕಟ್ಟುಪಾಡು ಉಳಿಯಲಿಲ್ಲ. ಹೊಸಕೋಟೆ, ಮಾಲೂರು, ನೆಲಮಂಗಲದ ಸುತ್ತ ದೊಡ್ಡ ಗೋದಾಮುಗಳು ಬೆಳೆದವು. ಅಲ್ಲಿಂದ ಮನೆ ಬಾಗಿಲಿಗೆ ಮಾಲು ಮುಟ್ಟಿಸಲು 2005ರಲ್ಲಿ ಬಂದ, ಗಲ್ಲಿಗಳಲ್ಲೂ ನುಗ್ಗುವ ಟಾಟಾ ಏಸ್‌ನಂಥ ಗಾಡಿಗಳು ಸಿದ್ಧವಾಗಿದ್ದವು.

ಹೀಗೆ ಈರುಳ್ಳಿಯೂ ಮೊಬೈಲೂ ಒಂದೇ ತಿಂಗಳಲ್ಲಿ ರಸ್ತೆಗಿಳಿದವು. ಆಯುಧಪೂಜೆಯಂದು ನೋಡಿದರೆ ಇದು ಗೊತ್ತಾಗುತ್ತದೆ. ಹಿಂದೆ ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಚಕ್ರದಡಿ ನಿಂಬೆಹಣ್ಣು ಇಟ್ಟರೆ ಆ ದಿನ ಗಾಡಿಗೂ ಡ್ರೈವರ್‌ಗೂ ರಜೆ. ಈಗ ಅದು ಸೇಲಿನ ಕಾಲ. ನಿಂಬೆಹಣ್ಣು ಜಜ್ಜಿದ ಗಾಡಿ ಹಾರ ಬಾಡುವ ಮುಂಚೆಯೇ ಲೋಡಿಂಗ್ ಪಾಳಿಯಲ್ಲಿ ನಿಂತಿರುತ್ತದೆ. ದೀಪಾವಳಿ ಮುಗಿದ ಮೇಲೆ ಕರೆಗಳು ಇಳಿಯುತ್ತವೆ.

ಏರಿಳಿತ ಹಿಂದೆಯೂ ಇತ್ತು. ಬದಲಾದದ್ದು ಇಳಿತದ ಹೊರೆ ಹೊರುವವರು. ಸಂಬಳದ ಡ್ರೈವರ್‌ಗೆ ಕೆಲಸವಿಲ್ಲದ ತಿಂಗಳು ಬಾಟಾ ತಪ್ಪುತ್ತಿತ್ತು, ಸಂಬಳ ಕೈಗೆ ಬರುತ್ತಿತ್ತು. ಲಾರಿಯ ಸಾಲ ಮಾಲೀಕನದ್ದು. ಈಗ ಕಂಪನಿಗೆ ಗಾಡಿ ಅಟ್ಯಾಚ್ ಮಾಡಿಕೊಂಡು ಟ್ರಿಪ್ ಲೆಕ್ಕದಲ್ಲಿ ದುಡಿಯುವವನು ಡ್ರೈವರೂ ಹೌದು, ಮಾಲೀಕನೂ ಹೌದು. ಡೀಸೆಲ್, ವಿಮೆ, ಎಫ್‌ಸಿ, ಸಾಲದ ಕಂತು ಎಲ್ಲ ಅವನದ್ದೇ. ಕಂತಿನ ತಾರೀಖು ಆಷಾಢ ನೋಡುವುದಿಲ್ಲ. ದಿನಕ್ಕೆ 8 ತಾಸು ದುಡಿಮೆಯ ಮಿತಿ ಹಾಕಿದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಸಂಬಂಧಿಸಿದ್ದಾಗಿತ್ತು. ಒಂದೇ ಗಾಡಿಯ ಮಾಲೀಕನಿಗೆ ಅದು ತಾಗುತ್ತಿರಲಿಲ್ಲ. ಹಾಗಾಗಿ ಸೀಸನ್‌ನಲ್ಲಿ ನಿದ್ದೆಗೆಟ್ಟು ಓಡಿಸಿ, ಡಲ್ಲಿನ ತಿಂಗಳಿಗೂ ಸೇರಿಸಿ ದುಡಿಯುತ್ತಾನೆ.

2025ರಲ್ಲಿ ಕರ್ನಾಟಕ ತಂದ ಗಿಗ್ ಕಾರ್ಮಿಕರ ಕಾಯ್ದೆ ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಿಗುವ ಮೊತ್ತದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಯಿಂದ ಪಡೆಯಲು ದಾರಿ ಮಾಡಿದೆ. ಆ್ಯಪ್‌ನಲ್ಲಿ ದುಡಿಯುವವರಿಗೆ ಇದು ಆಸರೆ. ಬುಕಿಂಗ್ ಆಫೀಸಿನ ಫೋನು ನಂಬಿರುವ ಲಾರಿಯವನು ಇದರಾಚೆಗೇ ಉಳಿದ.

ದಾರಿ ಇಲ್ಲವೆಂದಲ್ಲ. ಮೀನುಗಾರರಿಗೆ ಉಳಿತಾಯ ಮತ್ತು ಪರಿಹಾರ ಯೋಜನೆಯಿದೆ: ದುಡಿಮೆಯ ತಿಂಗಳುಗಳಲ್ಲಿ ಅವರು 1,500 ರೂಪಾಯಿ ಕೂಡಿಟ್ಟರೆ ಸರ್ಕಾರ 3,000 ಸೇರಿಸಿ ಕೆಲಸವಿಲ್ಲದ ತಿಂಗಳುಗಳಿಗೆ ಕೊಡುತ್ತದೆ. ಮೊತ್ತ ಸಣ್ಣದು, ಆದರೆ ಖಾಲಿ ಕಾಲ ಬರುತ್ತದೆಂದು ಮೊದಲೇ ಒಪ್ಪಿಕೊಂಡ ಲೆಕ್ಕ ಅದು. ಅದೇ ಮೀನು ಹೊರುವ ಲಾರಿಯವನ ಖಾಲಿ ತಿಂಗಳುಗಳೂ ಅವೇ, ತಾರೀಖು ಸಮೇತ ಎಲ್ಲರಿಗೂ ಗೊತ್ತಿರುವಂಥವು. ದಸರಾ ಸೇಲಿನ ಬಾಡಿಗೆಯಿಂದ ಒಂದು ಪಾಲು, ಕಂಪನಿಯಿಂದ ಒಂದು ಪಾಲು, ಸರ್ಕಾರದಿಂದ ಒಂದು ಪಾಲು ತೆಗೆದಿಟ್ಟರೆ ಆಷಾಢದ ಒಂದು ಕಂತಾದರೂ ಅದರಿಂದ ಕಟ್ಟಬಹುದು.