ಎರಡು ಮನೆಯ ಒಂದು ಜಗಲಿ

ಪರಕಾಯಪ್ರವೇಶದ ಕಥೆಗಳನ್ನು ನಮ್ಮ ಪೂರ್ವಿಕರು ವಿಸ್ಮಯಕ್ಕಾಗಿ ಹೇಳಿದಂತೆಯೇ ವಿನೋದಕ್ಕಾಗಿಯೂ ಹೇಳಿದ್ದುಂಟು. ಸಂಸ್ಕೃತದ ‘ಭಗವದಜ್ಜುಕ’ವೆಂಬ ಪ್ರಹಸನವೇ ಇದಕ್ಕೆ ನಿದರ್ಶನ. ಅದರಲ್ಲಿ ಯಮದೂತನು ಪ್ರಮಾದವಶದಿಂದ, ಸಾಯಬೇಕಾದವಳನ್ನು ಬಿಟ್ಟು ಅದೇ ಹೆಸರಿನ ಗಣಿಕೆ ವಸಂತಸೇನೆಯ ಜೀವವನ್ನು ಒಯ್ಯುತ್ತಾನೆ. ಶಿಷ್ಯನಿಗೆ ಯೋಗಬಲವನ್ನು ತೋರಿಸಲೆಂದು ಸಂನ್ಯಾಸಿಯು ಆಕೆಯ ದೇಹವನ್ನು ಹೊಗುತ್ತಾನೆ. ತಪ್ಪನ್ನು ತಿದ್ದಲು ಮರಳಿದ ದೂತನಿಗೆ ಆ ಮನೆಯಲ್ಲಿ ಬೇರೆ ಒಕ್ಕಲು ಕಾಣುತ್ತದೆ! ಅವನು ಆಕೆಯ ಜೀವವನ್ನು ಸಂನ್ಯಾಸಿಯ ದೇಹದಲ್ಲಿಡುತ್ತಾನೆ. ಗಣಿಕೆಯು ವೇದಾಂತವನ್ನೂ ಸಂನ್ಯಾಸಿಯು ಶೃಂಗಾರವನ್ನೂ ನುಡಿಯತೊಡಗುತ್ತಾರೆ. ಕಡೆಗೆ ಎಲ್ಲವೂ ಸರಿಹೋಗುತ್ತದೆ.

ಕಳೆದ ಆಟಿ ತಿಂಗಳಲ್ಲಿ, ಮಳೆಗಾಗಿ ಶಾಲೆಗೆ ರಜೆ ಕೊಟ್ಟಿದ್ದ ಒಂದು ದಿನ, ನಾವು ಈ ಕಥೆಯನ್ನು ಉಡುಪಿಯ ಒಂದು ಮನೆಯ ಜಗಲಿಯಲ್ಲಿ ಮಕ್ಕಳಿಗೆ ಹೇಳಿದೆವು. ಮನೆಯ ಯಜಮಾನನು ನಮ್ಮ ಹಳೆಯ ಶಿಷ್ಯ, ಕಾರ್ಕಳದವನು, ಮಣಿಪಾಲದಲ್ಲಿ ಉದ್ಯೋಗ. ಪತ್ನೀವಿಯೋಗವಾದ ಬಳಿಕ, ಕಾಪುವಿನ ವಿಧವೆಯೊಬ್ಬಳನ್ನು ವರಿಸಿದ್ದನು. ಅವನಿಗೆ ಒಬ್ಬ ಮಗ, ಆಕೆಗೆ ಇಬ್ಬರು ಹೆಣ್ಣುಮಕ್ಕಳು. ಹುಡುಗನು 1432ರ ಗೊಮ್ಮಟನನ್ನು ಹೊಗಳಿದರೆ, ಹುಡುಗಿಯರು 1901ರ ದೀಪಸ್ತಂಭವನ್ನು ಮುಂದೊಡ್ಡುವರು. ಒಂದು ಬೆಟ್ಟದ ಮೇಲೆ, ಇನ್ನೊಂದು ಕಡಲತಡಿಯ ಬಂಡೆಯ ಮೇಲೆ, ವ್ಯಾಜ್ಯ ತೀರುವುದೆಂತು? ಹುಡುಗನು ಆಕೆಯನ್ನು ಅಮ್ಮನೆಂದು ಕರೆದವನಲ್ಲ.

ಕಥೆಯನ್ನು ಕೇಳಿದ ಮಕ್ಕಳು ತಾವೂ ಜೀವಗಳನ್ನು ಬದಲಿಸಿಕೊಳ್ಳುವೆವೆಂದು ಹಟ ಹಿಡಿದರು. ಚೀಟಿ ಎತ್ತಲಾಗಿ, ಯಜಮಾನನು ಕಿರಿಯ ಹುಡುಗಿಯಾದನು, ಹುಡುಗನು ಗೃಹಿಣಿಯಾದನು, ಗೃಹಿಣಿಯು ಹುಡುಗನಾದಳು. ಜಡೆಗೆ ರಿಬ್ಬನ್ನು ಬೇಕೆಂದು ಯಜಮಾನನು ಅತ್ತುದನ್ನು ಕಂಡು ನಾವು ನಮ್ಮ ವಯಸ್ಸನ್ನು ಮರೆತು ನಕ್ಕೆವು.

ಊಟದ ಹೊತ್ತಿಗೆ ಹುಡುಗನು ಎಲ್ಲರಿಗೂ ಬಡಿಸಿ ಕಡೆಯಲ್ಲಿ ಕುಳಿತು, ಪಾತ್ರೆಯೊಳಗೆ ಇಣುಕಿ, “ದಿನಾಲೂ ಇಷ್ಟೇ ಉಳಿಯುವುದೇ?” ಎಂದನು. ಯಾರೂ ಉತ್ತರ ಕೊಡಲಿಲ್ಲ. ಆಗ ಅವನ ವೇಷದಲ್ಲಿದ್ದ ಆಕೆಯು ಎದ್ದು, ಒಳಕೋಣೆಯ ಕಪಾಟಿನಲ್ಲಿದ್ದ ಭಾವಚಿತ್ರವನ್ನು ತಂದು ಚಾವಡಿಯ ಗೋಡೆಗೆ ತೂಗುಹಾಕಿ, “ನನ್ನ ಅಮ್ಮನನ್ನು ಇಲ್ಲಿಂದ ತೆಗೆಯಬೇಡಿ” ಎಂದಳು. ಹುಡುಗನು ಒಂದು ವರ್ಷದಿಂದ ನುಂಗಿಕೊಂಡಿದ್ದ ಮಾತು ಅದು. ಆಟ ಅಲ್ಲಿಗೆ ನಿಂತಿತು.

ವೇತಾಳನ ಕಥೆಯೊಂದರಲ್ಲಿ ಇಬ್ಬರ ತಲೆಗಳು ಅದಲುಬದಲಾದಾಗ, ತಲೆಯೇ ಪ್ರಧಾನವೆಂದು ರಾಜನು ತೀರ್ಪಿತ್ತನು. ಜರ್ಮನಿಯ ಥಾಮಸ್ ಮಾನ್ ಅದನ್ನು 1940ರಲ್ಲಿ ಕಥೆಯಾಗಿ ಬೆಳೆಸಿದನು. ಗಿರೀಶ ಕಾರ್ನಾಡರು ‘ಹಯವದನ’ ನಾಟಕದಲ್ಲಿ ಆ ತೀರ್ಪನ್ನೇ ಶಂಕಿಸಿದರು. ಅಲ್ಲಿ ನಗುವನ್ನೇ ಅರಿಯದ ಒಂದು ಮಗುವೂ ಉಂಟು. ಹಿರಿಯರ ಗೊಂದಲದ ಭಾರವನ್ನು ಹೊರತಕ್ಕವರು ಮಕ್ಕಳೇ ಅಲ್ಲವೇ?

ಎರಡು ಸಂಸಾರಗಳು ಕೂಡುವಲ್ಲಿ ಯಾವ ತಲೆ ಪ್ರಧಾನವೆಂದು ತೀರ್ಮಾನಿಸುವುದು ಸಲ್ಲದೆಂಬುದು ನಮ್ಮ ಅಭಿಮತ. ಗಳಿಗೆಯ ಮಟ್ಟಿಗೆ ಒಬ್ಬರ ಸ್ಥಾನದಲ್ಲಿ ಇನ್ನೊಬ್ಬರು ಕುಳಿತರೆ ಸಾಕು. ಭಾವಚಿತ್ರವು ಈಗಲೂ ಚಾವಡಿಯಲ್ಲಿದೆ. ಅದಕ್ಕೆ ಹೂವಿಡುವವಳು ಕಾಪುವಿನ ಆ ಕಿರಿಯ ಹುಡುಗಿ. ಹುಡುಗನು ಇನ್ನೂ ಆಕೆಯನ್ನು ಅಮ್ಮನೆಂದು ಕರೆದಿಲ್ಲ. ಆದರೆ ಪ್ರತಿರಾತ್ರಿಯೂ ಪಾತ್ರೆಯೊಳಗೆ ಇಣುಕಿ ನೋಡಿದ ಮೇಲೆಯೇ ಎರಡನೆಯ ಸಲ ಬಡಿಸಿಕೊಳ್ಳುತ್ತಾನಂತೆ.