ಕೋಡಿಬಾಗದಲ್ಲೊಂದು ‘ಕಟಕಟ’ ಕಾರು!

ಕಾರವಾರ: ಕಾರು ತಗ್ಗಿಸಿದರೆ ಶೋಕಿ ಏರುತ್ತದೆ, ನಿಜ. ಜೊತೆಗೆ ಸದ್ದೂ ಏರುತ್ತದೆ ಎಂಬುದು ಕೋಡಿಬಾಗದ ಯುವಕರೊಬ್ಬರ ಅನುಭವ.

ಇವರು ಕಂಪನಿ ಕೊಟ್ಟ ಸ್ಪ್ರಿಂಗ್ ತೆಗೆಸಿ ಗಿಡ್ಡ ಸ್ಪ್ರಿಂಗ್ ಹಾಕಿಸಿದರು. ಕಾರು ನೆಲಕ್ಕೆ ಕೂತಂತೆ ಕಂಡು ಚಂದವೂ ಆಯಿತು. ಆದರೆ ಚಕ್ರ ಗುಂಡಿಗಿಳಿದರೆ ‘ಕಟ್’, ಸ್ಟೇರಿಂಗ್ ತಿರುಗಿಸಿದರೆ ‘ಟಂಯ್’! ಹಿಂದೆ ಕೂತ ತಾಯಿಗೆ ಜೀವ ಕೈಯಲ್ಲಿ. 2024ರ ಆಗಸ್ಟ್ 7ರಂದು ಹಳೆಯ ಕಾಳಿ ಸೇತುವೆ ಕುಸಿದದ್ದನ್ನು ಕಂಡ ಊರಿದು, ಸದ್ದೆಂದರೆ ಸಸಾರವಲ್ಲ.

ಒಂದು ಗ್ಯಾರೇಜಿನವರು ಶಾಕ್ ಅಬ್ಸಾರ್ಬರ್ ಬದಲಿಸಿ ಎಂದರು, ಇನ್ನೊಬ್ಬರು ಸ್ಟೇರಿಂಗನ್ನೇ ಬಿಚ್ಚಿದರು. ಬಿಲ್ಲು ಬೆಳೆಯಿತು, ಸದ್ದು ಹೋಗಲಿಲ್ಲ.

ಕೊನೆಗೆ ಹಿರಿಯ ಮಿಸ್ತ್ರಿಯೊಬ್ಬರು ಪಾನಾ ಮುಟ್ಟುವ ಮೊದಲು ಕೇಳಿದರು: “ಎಲ್ಲಿ ಅನ್ನೂದು ಆಮೇಲೆ ತಮಾ, ಸದ್ದು ಯಾವಾಗ ಬರ್ತದೆ ಹೇಳು.”

ಲಾಖ್ ರೂಪಾಯಿ ಮಾತು ಇದೇ! ಹಂಪ್ಸ್ ಹಾರುವಾಗ ‘ಧಡ್’ ಎಂದರೆ, ಚಕ್ರ ಮೇಲೇರಲು ಜಾಗ ಸಾಲದೆ ಒಳಗಿನ ರಬ್ಬರ್ ತಡೆಗೆ ಬಡಿಯುತ್ತಿರಬಹುದು. ಸಣ್ಣ ಗುಂಡಿಯಲ್ಲಿ ಮೆಲ್ಲಗೆ ಹೋಗುವಾಗ ‘ಕಟಕಟ’ ಎಂದರೆ ಸ್ಟೆಬಿಲೈಜರ್ ಲಿಂಕ್ ಸವೆದಿರಬಹುದು, ನಟ್ಟು ಸಡಿಲ ಉಳಿದಿರಬಹುದು. ‘ಕಿರ್ರ್’ ಎಂದರೆ ಬುಷ್ ನೋಡಬೇಕು. ಚಕ್ರ ನೇತಾಡುವಾಗಲೇ ಬುಷ್ಷಿನ ಬೋಲ್ಟು ಬಿಗಿದರೆ, ಕಾರು ಕೆಳಗಿಳಿದಾಗ ರಬ್ಬರ್ ತಿರುಚಿಕೊಳ್ಳುತ್ತದೆ. ಕಾರಿನ ಭಾರ ಚಕ್ರದ ಮೇಲಿದ್ದಾಗಲೇ ಬಿಗಿಯಬೇಕು. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ‘ಟಂಯ್’ ಎಂದರೆ ಮೇಲಿನ ಬೇರಿಂಗ್ ಹೋಗಿರಬಹುದು, ಇಲ್ಲವೆ ಸ್ಪ್ರಿಂಗ್ ತನ್ನ ತಟ್ಟೆಯಲ್ಲಿ ಸರಿಯಾಗಿ ಕೂತಿಲ್ಲ.

ಮಿಸ್ತ್ರಿ ಕಾರಿಗೆ ಜ್ಯಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಕ್ರ ಇಳಿಬಿಟ್ಟರು. ಸ್ಪ್ರಿಂಗನ್ನು ಹಿಡಿದರೆ ಅದು ಕೈಯಲ್ಲೇ ಅಲ್ಲಾಡಿತು! ಸ್ಪ್ರಿಂಗ್ ಗಿಡ್ಡ, ಶಾಕ್ ಅಬ್ಸಾರ್ಬರ್ ಮಾತ್ರ ಹಳೆಯ ಉದ್ದದ್ದೇ. ಚಕ್ರ ಗುಂಡಿಗಿಳಿದಾಗ ಸ್ಪ್ರಿಂಗ್ ತಟ್ಟೆ ಬಿಟ್ಟು ಏಳುತ್ತಿತ್ತು, ಮತ್ತೆ ಬಡಿದು ಓರೆಯಾಗಿ ಕೂಡುತ್ತಿತ್ತು. ‘ಕಟ್’ಗೂ ‘ಟಂಯ್’ಗೂ ಕಾರಣ ಒಂದೇ.

“ಹಾಗಾದ್ರೆ ಮಿಸ್ತ್ರಿಯವ್ರೆ, ಬಿಗಿ ಮಾಡಿ ಕೊಡ್ತೀರಾ?”

“ಬಿಗಿ ಮಾಡೂಕೆ ಇದೇನು ಮಂಚದ ಕಾಲೇನೋ? ಎರಡೂ ಜೋಡಿ ಹೊಂದೂದೇ ಹಾಕು, ಇಲ್ಲಾ ಹಳೇದು ತಾ.”

ಅಟ್ಟದಲ್ಲಿದ್ದ ಹಳೆಯ ಸ್ಪ್ರಿಂಗುಗಳು ಮರಳಿ ಬಂದವು. ಸದ್ದು ಅಡಗಿತು.

ಇದನ್ನು ಓದಿ ಯಾರೂ ಮನೆಯಂಗಳದಲ್ಲಿ ಸ್ಪ್ರಿಂಗ್ ಬಿಚ್ಚಬಾರದು. ಅದನ್ನು ಒತ್ತಿ ಹಿಡಿಯುವ ಸಾಧನವಿಲ್ಲದೆ ಮೇಲಿನ ನಟ್ಟು ತೆಗೆದರೆ ಮುಖಕ್ಕೇ ಸಿಡಿದೀತು. ಇನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನ ಮಾರ್ಪಾಡಿಗೆ ಮಿತಿ ಹಾಕಿದೆ. ಸ್ಪ್ರಿಂಗ್ ಕೊಳ್ಳುವ ಮೊದಲೇ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಬಸ್ಸಿಗೆ ಹೋಗುವ ನಮಗೇನು ಎನ್ನಬೇಡಿ ಸ್ವಾಮಿ. ಸ್ಪ್ರಿಂಗ್ ಜಾಗ ಬಿಟ್ಟ ಕಾರು ಹೆದ್ದಾರಿಯಲ್ಲಿ ನಿಮ್ಮ ಬಸ್ಸಿಗೂ ಎದುರೇ ಬರುತ್ತದೆ!